ನಾಲ್ಕು ಜಾಗ ಖಾಲಿ

ಎರಡನೇ ಕ್ಲಾಸಿನ ಮಕ್ಕಳು ಕೂರುವ ಕುರ್ಚಿ ಎಷ್ಟು ಪುಟ್ಟದು ಅನ್ನುವುದು ಅದರಲ್ಲಿ ಎರಡು ಗಂಟೆ ಕೂತ ದೊಡ್ಡವರಿಗೇ ಗೊತ್ತು. ಮೊಣಕಾಲು ಎದೆಗೆ ಬರುತ್ತದೆ, ದಪ್ಪ ಕೋಟು ತೊಡೆಯ ಮೇಲೆ ಗುಡ್ಡೆಯಾಗುತ್ತದೆ, ಬೂಟಿಗೆ ಅಂಟಿ ಬಂದ ಹಿಮ ಕರಗಿ ಕಾಲಡಿ ಒಂದು ಪುಟ್ಟ ಹೊಂಡ ನಿಲ್ಲುತ್ತದೆ. ಹೊರಗೆ ಫೆಬ್ರವರಿಯ ಮಿನ್ನೆಸೋಟ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಒಳಗೆ, ಮಕ್ಕಳು ಅಂಟಿಸಿದ ಕಾಗದದ ಚಿಟ್ಟೆಗಳ ಕೆಳಗೆ, ನಾವು ಹದಿನಾಲ್ಕು ಜನ. ಅದು ನಮ್ಮ ಬಡಾವಣೆಯ ಕಾಕಸ್ಸು. ಪಕ್ಷವೊಂದು ತನ್ನ ಮತದಾರರನ್ನು ಊರೂರಲ್ಲಿ, ಬೀದಿಬೀದಿಯ ಲೆಕ್ಕದಲ್ಲಿ ಒಂದೇ ಸಂಜೆ ಕರೆದು ಕೂರಿಸಿ, ಮೇಲಿನ ಸಮ್ಮೇಳನಕ್ಕೆ ಹೋಗುವ ಪ್ರತಿನಿಧಿಗಳನ್ನು ಆರಿಸಿಕೊಂಡು, ಪಕ್ಷ ಯಾವ ಮಾತಿಗೆ ನಿಲ್ಲಬೇಕು ಎಂಬ ಠರಾವುಗಳನ್ನು ಕೇಳಿಸಿಕೊಳ್ಳುವ ಸಭೆ. ಯಾವ ಪಕ್ಷ ಎಂದು ನಾನು ಹೇಳುವುದಿಲ್ಲ. ಅದೇ ರಾತ್ರಿ ಇನ್ನೊಂದು ಪಕ್ಷದವರೂ ಇನ್ನೊಂದು ಶಾಲೆಯಲ್ಲಿ ಕೂತಿದ್ದರು.

ಏಳಕ್ಕೆ ಶುರುವಾಗಬೇಕಿದ್ದ ಸಭೆ ಶುರುವಾದದ್ದು ಏಳೂ ಮುಕ್ಕಾಲಿಗೆ. ಬಾಗಿಲಿಗೆ ಅಂಟಿಸಿದ್ದ ನಕ್ಷೆಯಲ್ಲಿ ನಮ್ಮ ಬೀದಿ ಎರಡು ಬಣ್ಣಗಳ ನಡುವೆ ಸಿಕ್ಕಿಕೊಂಡಿತ್ತು. ಸಂಗೀತದ ಕೋಣೆಗೆ ಹೋಗಿ ಎಂದರು, ಅಲ್ಲಿಂದ ಜಿಮ್ಮಿಗೆ ಎಂದರು, ಜಿಮ್ಮಿನಿಂದ ಈ ಎರಡನೇ ಕ್ಲಾಸಿಗೆ. ಹೆಸರು ಬರೆಯುವ ಹಾಳೆ ಬೇರೆ ಕೋಣೆಯಲ್ಲಿ ಉಳಿದಿತ್ತು. ಪೆನ್ನು ಒಂದೇ. ಠರಾವು ಬರೆಯುವ ನಮೂನೆಗಳು ಇಲ್ಲವೇ ಇಲ್ಲ. ಮೊದಲು ತಲೆ ಎಣಿಸಬೇಕೋ ಮೊದಲು ಅಧ್ಯಕ್ಷರನ್ನು ಆರಿಸಬೇಕೋ ಎಂದು ಇಬ್ಬರು ಗಂಡಸರು ಇಪ್ಪತ್ತು ನಿಮಿಷ ಜಗ್ಗಾಡಿದರು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶಕ್ಕೆ ಎರಡನೆಯ ಪೆನ್ನು ಹೊಂದಿಸಲು ಆಗಲಿಲ್ಲವೇ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಸಭೆ ಕರೆದಾಕೆ ಎಪ್ಪತ್ತು ದಾಟಿದ ನಿವೃತ್ತ ಮೇಡಂ. ಎಲ್ಲ ಮುಗಿದು ಕುರ್ಚಿ ಜೋಡಿಸುವಾಗ, ಎಷ್ಟು ವರ್ಷದಿಂದ ಇದನ್ನು ನಡೆಸುತ್ತಿದ್ದೀರಿ ಎಂದು ಕೇಳಿದೆ. ಗಂಡ ತೀರಿಕೊಂಡ ವರ್ಷದಿಂದ ಎಂದರು. "ಪ್ರತಿ ಸಲವೂ ಬೇರೆ ಯಾರಾದರೂ ವಹಿಸಿಕೊಳ್ಳುತ್ತೀರಾ ಎಂದು ಕೇಳುತ್ತೇನೆ. ಯಾರೂ ಕೈ ಎತ್ತುವುದಿಲ್ಲ." ಆಮೇಲೆ, ತಪ್ಪು ಒಪ್ಪಿಕೊಳ್ಳುವವರ ಹಾಗೆ ಮೆಲ್ಲಗೆ ಹೇಳಿದರು: ನಮೂನೆಗಳೂ ಪೆನ್ನುಗಳೂ ಎರಡನೆಯ ಡಬ್ಬದಲ್ಲಿವೆಯಂತೆ. ಡಬ್ಬ ಕಾರಿನ ಡಿಕ್ಕಿಯಲ್ಲಿದೆಯಂತೆ. ಒಂದನ್ನು ಎತ್ತಿಕೊಂಡು ಹಿಮಗಟ್ಟಿದ ನೆಲದ ಮೇಲೆ ಜಾರದೆ ಬರುವಷ್ಟರಲ್ಲಿ ಹೆಗಲು ಸೋತು, ಇನ್ನೊಂದಕ್ಕೆ ಮತ್ತೆ ಹೋಗಲು ಧೈರ್ಯ ಬರಲಿಲ್ಲವಂತೆ. ಒಬ್ಬ ಮುದುಕಿಯ ಹೆಗಲು ಹೊರಲಾರದೆ ಬಿಟ್ಟು ಬಂದ ಭಾರವನ್ನು ನಾನು ಅವ್ಯವಸ್ಥೆ ಎಂದು ಕರೆದು ನಕ್ಕಿದ್ದೆ.

ನಮ್ಮ ಬಡಾವಣೆಯಿಂದ ಒಂಬತ್ತು ಪ್ರತಿನಿಧಿಗಳನ್ನು ಕಳಿಸಬಹುದಿತ್ತು. ಯಾರು ಹೋಗುತ್ತೀರಿ ಎಂದು ಮೇಡಂ ಕೇಳಿದಾಗ ಐದು ಕೈ ಎದ್ದವು. ಆಕೆ ಕಾದರು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಮ್ಮೆ ಕೇಳಿದರು. ಮತ್ತೆ ಯಾವ ಕೈಯೂ ಏಳಲಿಲ್ಲ. ನಾಲ್ಕು ಜಾಗ ಖಾಲಿ ಉಳಿದವು.

ನಿಮ್ಮನ್ನು ಉದ್ದೇಶಿಸಿಯೇ ಇದನ್ನು ಬರೆಯುತ್ತಿದ್ದೇನೆ, ಅಣ್ಣ, ಅಕ್ಕ. ನಮ್ಮ ಬಡಾವಣೆಯ ಏಳೆಂಟು ಬೀದಿಗಳಲ್ಲಿ ನನಗೆ ಗೊತ್ತಿರುವಂತೆಯೇ ಹನ್ನೆರಡು ಕನ್ನಡದ ಮನೆಗಳಿವೆ, ಅವುಗಳಲ್ಲಿ ಏಳು ಮನೆಯವರು ಈ ದೇಶದ ಪೌರರು. ಆ ಸಂಜೆ ನಿಮ್ಮ ಮನೆಗಳ ದೀಪ ಉರಿಯುತ್ತಿದ್ದುದನ್ನು ನೋಡುತ್ತಲೇ ನಾನು ಕಾರು ನಡೆಸಿಕೊಂಡು ಹೋದೆ. ದೂರಲು ಹೇಳುತ್ತಿಲ್ಲ. ಪೌರತ್ವ ಸಿಕ್ಕ ಮೇಲೆ ಹನ್ನೊಂದು ವರ್ಷ ನನ್ನ ಮನೆಯ ದೀಪವೂ ಹಾಗೆಯೇ ಉರಿಯುತ್ತಿತ್ತು. ನಾನೂ ಒಳಗೆ ಸೋಫಾದ ಮೇಲೆ ಕಾಲು ಚಾಚಿ, ಊರಿನ ರಾಜಕೀಯದ ಬಗ್ಗೆ ವಾಟ್ಸಾಪಿನಲ್ಲಿ ಬಿಸಿಬಿಸಿ ಚರ್ಚೆ ಮಾಡುತ್ತ, ನಾನು ವಾಸಿಸುವ ಬೀದಿಯ ರಾಜಕೀಯ ಹತ್ತಿರದ ಶಾಲೆಯಲ್ಲಿ ಮಕ್ಕಳ ಕುರ್ಚಿಗಳ ಮೇಲೆ ನಡೆಯುತ್ತಿದೆ ಎಂಬುದನ್ನು ತಿಳಿದೂ ತಿಳಿಯದವನಂತೆ ಇದ್ದೆ.

ಅದೆಲ್ಲ ಬರೀ ಗೋಜಲು, ನಮ್ಮಂಥವರಿಗಲ್ಲ ಎನ್ನುತ್ತೀರಿ. ಗೋಜಲೆಂಬುದು ನಿಜ. ಪಕ್ಕದ ಅಯೋವಾದಲ್ಲಿ 2012ರಲ್ಲಿ ರಿಪಬ್ಲಿಕನ್ ಕಾಕಸ್ಸಿನ ರಾತ್ರಿ ಮಿಟ್ ರಾಮ್ನಿ 8 ಮತಗಳಿಂದ ಮುಂದೆ ಎಂದರು, ಎರಡು ವಾರ ಕಳೆದ ಮೇಲೆ ಇಲ್ಲ, ರಿಕ್ ಸ್ಯಾಂಟೋರಮ್ 34 ಮತಗಳಿಂದ ಮುಂದೆ ಎಂದರು, ಎಂಟು ಮತಗಟ್ಟೆಗಳ ಲೆಕ್ಕ ಮಾತ್ರ ಸಿಗಲೇ ಇಲ್ಲ. 2020ರ ಫೆಬ್ರವರಿ 3ರಂದು ಅದೇ ಅಯೋವಾದಲ್ಲಿ ಡೆಮಾಕ್ರಾಟರು ಎಣಿಕೆ ಕಳಿಸಲೆಂದು ತಂದ ಹೊಸ ಮೊಬೈಲ್ ಆ್ಯಪ್ ಕೈಕೊಟ್ಟು, ಇಡೀ ದೇಶ ಕಾದು ಕೂತರೂ ಆ ರಾತ್ರಿ ಫಲಿತಾಂಶ ಬರಲಿಲ್ಲ. ನಮ್ಮ ಮಿನ್ನೆಸೋಟದಲ್ಲೇ 2008ರಲ್ಲಿ ಒಂದು ಪಕ್ಷದ ಕಾಕಸ್ಸಿಗೆ 2 ಲಕ್ಷಕ್ಕೂ ಹೆಚ್ಚು ಜನ ನುಗ್ಗಿ, ಮತಪತ್ರ ಸಾಲದೆ, ಸಿಕ್ಕ ಚೂರು ಕಾಗದದ ಮೇಲೆ ಹೆಸರು ಬರೆದು ಹಾಕಿದರು. 2016ರಲ್ಲಿ ಮತ್ತೆ ಅದೇ ನೂಕುನುಗ್ಗಲಾದ ಮೇಲೆ ಶಾಸನಸಭೆ ಕಾನೂನು ಬದಲಿಸಿತು. 2020ರಿಂದ ಅಧ್ಯಕ್ಷ ಅಭ್ಯರ್ಥಿಗೆ ಮತ ಹಾಕುವುದು ಸರ್ಕಾರ ನಡೆಸುವ ಪ್ರಾಥಮಿಕ ಚುನಾವಣೆಯಲ್ಲಿ. ಪ್ರತಿನಿಧಿಗಳ ಆಯ್ಕೆ, ಠರಾವು, ಶಾಸಕ ಸ್ಥಾನಕ್ಕೂ ಗವರ್ನರ್ ಸ್ಥಾನಕ್ಕೂ ಪಕ್ಷ ಯಾರನ್ನು ಬೆಂಬಲಿಸಬೇಕು ಎಂಬುದರ ಮೊದಲ ಮೆಟ್ಟಿಲು, ಇವು ಮಾತ್ರ ಇಂದಿಗೂ ಈ ಪುಟ್ಟ ಕುರ್ಚಿಗಳ ಮೇಲೆಯೇ ನಡೆಯುತ್ತವೆ. ನಡೆಸುವವರು ಚುನಾವಣಾ ಅಧಿಕಾರಿಗಳಲ್ಲ, ಪಕ್ಷದ ಸ್ವಯಂಸೇವಕರು, ಅಂದರೆ ಸಂಜೆ ಬಿಡುವು ಮಾಡಿಕೊಂಡು ಬಂದ ನೆರೆಹೊರೆಯವರು. ಬರುವ ನೆರೆಹೊರೆಯವರು ಕಡಿಮೆಯಾದಷ್ಟೂ ಗೋಜಲು ಹೆಚ್ಚು. ಗೋಜಲು ಹೆಚ್ಚಾದಷ್ಟೂ ನೀವು ಬರುವುದಿಲ್ಲ. ಮತ್ತೆ ನಾಲ್ಕು ಜಾಗ ಖಾಲಿ ಉಳಿಯುತ್ತವೆ.

ಖಾಲಿ ಉಳಿದರೇನು, ಬಂದವರು ನಡೆಸಿಕೊಳ್ಳಲಿ ಬಿಡಿ ಎನ್ನಬಹುದು. ಬಂದವರ ಮಾತು ಬಾರದವರ ಮಾತಿಗಿಂತ ಎಷ್ಟು ಬೇರೆಯಾಗಬಹುದು ಎಂಬುದನ್ನು 2016ರ ವಾಷಿಂಗ್ಟನ್ ರಾಜ್ಯ ತೋರಿಸಿಕೊಟ್ಟಿತು. ನಮ್ಮ ಕನ್ನಡದವರು ಸಾವಿರಗಟ್ಟಲೆ ಇರುವ, ಸಿಯಾಟಲ್ ಮತ್ತು ರೆಡ್ಮಂಡಿನ ರಾಜ್ಯ ಅದು. ಮಾರ್ಚಿನ ಒಂದು ಶನಿವಾರ ಡೆಮಾಕ್ರಾಟಿಕ್ ಕಾಕಸ್ಸಿಗೆ ಬಂದವರು ಸುಮಾರು 2.3 ಲಕ್ಷ ಜನ, ಅಲ್ಲಿ ಬರ್ನಿ ಸ್ಯಾಂಡರ್ಸ್ ಭಾರಿ ಅಂತರದಿಂದ ಗೆದ್ದರು. ಮೇ ತಿಂಗಳಲ್ಲಿ ಅದೇ ಪಕ್ಷದ, ಅಂಚೆಯಲ್ಲಿ ಮತ ಹಾಕುವ ಪ್ರಾಥಮಿಕ ಚುನಾವಣೆ ನಡೆದಾಗ 8 ಲಕ್ಷ ಜನ ಮತ ಕಳಿಸಿದರು, ಅಲ್ಲಿ ಗೆದ್ದದ್ದು ಹಿಲರಿ ಕ್ಲಿಂಟನ್. ಪ್ರತಿನಿಧಿಗಳನ್ನು ಹಂಚಿದ್ದು ಮಾತ್ರ ಮಾರ್ಚಿನ ಲೆಕ್ಕದಲ್ಲಿ. ನಿಮಗೆ ಇವರು ಇಷ್ಟವೋ ಅವರು ಇಷ್ಟವೋ, ಅದು ಇಲ್ಲಿ ಮುಖ್ಯವಲ್ಲ. ಎಂಟು ಲಕ್ಷ ಲಕೋಟೆಗಳ ಮಾತು ಲೆಕ್ಕಕ್ಕೇ ಬರಲಿಲ್ಲ. ಶನಿವಾರ ಬೆಳಿಗ್ಗೆ ಅಂಗಡಿ ತೆರೆಯಬೇಕಿದ್ದವರು, ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಬರಲಾಗದವರು, ಗಾಲಿಕುರ್ಚಿ ಹತ್ತದ ಕಟ್ಟಡದ ಮುಂದೆ ನಿಂತು ಹಿಂತಿರುಗಿದವರು ಎಲ್ಲರೂ ಆ ಲಕೋಟೆಗಳ ಒಳಗಿದ್ದರು.

ಅಂಥವರಲ್ಲಿ ಒಬ್ಬಳು ಆ ಸಂಜೆ ನಮ್ಮ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಶಾಲೆಯನ್ನು ಸ್ವಚ್ಛ ಮಾಡುವ ಹೆಂಗಸು, ಲೈಬೀರಿಯಾದಿಂದ ಬಂದವಳು, ಉದ್ದ ಕೋಲಿನ ಒರೆಸುವ ಬಟ್ಟೆ ಹಿಡಿದು ನಾವು ಎದ್ದು ಹೋಗುವುದನ್ನೇ ಕಾಯುತ್ತಿದ್ದಳು. ಇದು ಎಂಥ ಸಭೆ ಎಂದು ಕೇಳಿದಳು. ಹೇಳಿದೆ. ಅವಳ ಮನೆ ನಮ್ಮ ಬೀದಿಯಿಂದ ಮೂರನೆಯ ಬೀದಿ. ನಮ್ಮ ಹಾಗೆಯೇ ಪೌರಳು, ನಮ್ಮದೇ ಮತಗಟ್ಟೆಯವಳು, ನಮ್ಮದೇ ಆ ಒಂಬತ್ತು ಜಾಗಗಳಲ್ಲಿ ಒಂದರ ಮೇಲೆ ಹಕ್ಕಿದ್ದವಳು. ಕಾಕಸ್ಸಿಗೆ ಹೋಗಬೇಕೆಂದು ಹತ್ತು ದಿನ ಮೊದಲು ಬರೆದುಕೊಟ್ಟರೆ ಮಾಲೀಕರು ರಜೆ ಕೊಡಲೇಬೇಕೆಂದು ಈ ರಾಜ್ಯದ ಕಾನೂನು ಹೇಳುತ್ತದೆ. ಆದರೆ ಆ ಹೊತ್ತಿನ ಸಂಬಳ ಹಿಡಿಯಬಹುದೆಂದೂ ಅದೇ ಕಾನೂನು ಹೇಳುತ್ತದೆ, ಮತ್ತು ಇಂಥದೊಂದು ಕಾನೂನಿದೆ ಎಂದು ಅವಳಿಗೆ ಹೇಳಿದವರು ಯಾರೂ ಇರಲಿಲ್ಲ. ನಾವು ಪ್ರಜಾಪ್ರಭುತ್ವ ನಡೆಸಿದ ಕೋಣೆಯ ನೆಲ ಒರೆಸುವ ಕೆಲಸ ಇದ್ದುದರಿಂದಲೇ ಅವಳು ಆ ಪ್ರಜಾಪ್ರಭುತ್ವದಲ್ಲಿ ಕೂರಲಿಲ್ಲ.

ನೀನು ಬಂದಿದ್ದರೆ ಏನು ಹೇಳುತ್ತಿದ್ದೆ ಎಂದು ಕೇಳಿದೆ. ಬಸ್ಸು ಎಂದಳು. ರಾತ್ರಿ ಒಂಬತ್ತರ ಬಸ್ಸು ನಿಲ್ಲಿಸಿದ ಮೇಲೆ ಕೆಲಸ ಮುಗಿಸಿ ಎರಡು ಮೈಲಿ ನಡೆಯುತ್ತಾಳೆ, ಈ ಚಳಿಯಲ್ಲಿ, ಕಾಲುದಾರಿಯಿಲ್ಲದ ರಸ್ತೆಯ ಅಂಚಿನಲ್ಲಿ, ಎದುರಿನಿಂದ ಬರುವ ನಮ್ಮ ಕಾರುಗಳ ಬೆಳಕಿಗೆ ಕಣ್ಣು ಕುಕ್ಕಿಸಿಕೊಂಡು. ನಮ್ಮ ಹದಿನಾಲ್ಕು ಜನರಲ್ಲಿ ಬಸ್ಸು ಹತ್ತುವವರು ಒಬ್ಬರೂ ಇರಲಿಲ್ಲ. ಎರಡು ಗಂಟೆ ಏನೇನೋ ಮಾತಾಡಿದ್ದ ನಮ್ಮ ಬಾಯಲ್ಲಿ ಬಸ್ಸು ಎಂಬ ಪದ ಒಮ್ಮೆಯೂ ಬಂದಿರಲಿಲ್ಲ. ಮೇಡಂ ಇನ್ನೂ ಸಭೆ ಮುಗಿಸಿರಲಿಲ್ಲ. ಮಕ್ಕಳ ಲೆಕ್ಕದ ಹಾಳೆಯೊಂದರ ಬೆನ್ನ ಮೇಲೆ, ಇದ್ದ ಒಂದೇ ಪೆನ್ನಿನಲ್ಲಿ, ಅವಳು ಹೇಳಿದ್ದನ್ನು ನಾನು ಠರಾವಾಗಿ ಬರೆದು ಓದಿದೆ. ಹೊರಡಲು ಕೋಟು ತೊಟ್ಟು ನಿಂತಿದ್ದವರೂ ಕೈ ಎತ್ತಿದರು. ಮೇಲಿನ ಸಮ್ಮೇಳನಕ್ಕೆ ಅದು ಹೋಯಿತು. ಆದರೆ ಸಮ್ಮೇಳನದಲ್ಲಿ ನೂರಾರು ಠರಾವುಗಳ ನಡುವೆ ಒಂದಕ್ಕಾಗಿ ಎದ್ದು ನಿಂತು ಮಾತಾಡುವವರು ಬೇಕು, ಅದರ ಪರ ಎಣಿಸಲು ಕೈಗಳು ಬೇಕು. ನಮ್ಮ ಬಡಾವಣೆಯ ಮೇಜಿನಲ್ಲಿ ನಾಲ್ಕು ಜಾಗ ಖಾಲಿ ಉಳಿದವು. ಬಸ್ಸು ಇನ್ನೂ ಬಂದಿಲ್ಲ.

ಇದು ಯಾರದೋ ಮನೆಯ ದುಃಖ ಎಂದು ಪಕ್ಕಕ್ಕಿಡಬೇಡಿ. ನಿಮ್ಮ ಸ್ವಂತ ತಮ್ಮನನ್ನು ನೆನೆಯಿರಿ. ಒಂದು ದೇಶದವರಿಗೆ ವರ್ಷಕ್ಕೆ ಶೇ 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಇಲ್ಲ ಎಂಬ ಮಿತಿಯ ಕೆಳಗೆ ವರ್ಷಗಟ್ಟಲೆ ಸರದಿಯಲ್ಲಿ ನಿಂತಿದ್ದಾನೆ. ತೆರಿಗೆ ಕಟ್ಟುತ್ತಾನೆ, ಮನೆ ಕೊಂಡಿದ್ದಾನೆ, ಹುಟ್ಟಿದ ಊರಿಗೆ ಹೋಗಿ ಬರಲೂ ವೀಸಾದ ಮುದ್ರೆಗೆ ಹೆದರುತ್ತಾನೆ. ಮಗುವಾಗಿದ್ದಾಗ ಇಲ್ಲಿಗೆ ಬಂದ ಅವನ ಮಗಳು ಇಪ್ಪತ್ತೊಂದು ತುಂಬಿದ ದಿನ ಅಪ್ಪನ ಸರದಿಯಿಂದ ಹೊರಗೆ ಬೀಳುವ ಭಯ ಅವನ ನಿದ್ದೆ ತಿಂದಿದೆ. ಆ ಕೋಣೆಯಲ್ಲಿ ಮತ ಹಾಕುವ, ಪ್ರತಿನಿಧಿಯಾಗುವ ಹಕ್ಕು ಅವನಿಗಿಲ್ಲ, ಅದು ಮತದಾನದ ಹಕ್ಕುಳ್ಳವರಿಗೆ ಮಾತ್ರ. ಊರಿಂದ ಬಂದು ಗ್ರೀನ್ ಕಾರ್ಡಿನ ಮೇಲಿರುವ ನಿಮ್ಮ ತಾಯಿಗೂ ಇಲ್ಲ. ಬೇಕಾದಷ್ಟು ಮಾತಿದ್ದೂ ಕೇಳುವ ಕೋಣೆಯಿಲ್ಲದ ಇವರೆಲ್ಲರಿಗೆ ಆ ಕೋಣೆಯಲ್ಲಿ ಇರುವ ಒಂದೇ ಬಾಯಿ ನಿಮ್ಮದು. ನೀವು ಬಾರದಿದ್ದರೆ ಖಾಲಿಯಾಗುವುದು ನಿಮ್ಮೊಬ್ಬರ ಜಾಗವಲ್ಲ.

ಇನ್ನೂ ಹಿಂದೆ ಹೋಗಿ. ಮೊದಲ ಮಹಾಯುದ್ಧದಲ್ಲಿ ಈ ದೇಶದ ಸೈನ್ಯದಲ್ಲಿ ದುಡಿದ ಭಗತ್ ಸಿಂಗ್ ಥಿಂಡ್ ಎಂಬುವರಿಗೆ, ನೀವು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟು 1923ರಲ್ಲಿ ಹೇಳಿತು. ಆ ತೀರ್ಪಿನ ಮೇಲೆ, ಆಗಲೇ ಪೌರರಾಗಿದ್ದ ಭಾರತೀಯರಿಂದಲೂ ಪೌರತ್ವ ಕಿತ್ತುಕೊಂಡರು. ಹಾಗೆ ಕಳೆದುಕೊಂಡ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ 1928ರಲ್ಲಿ ತಮ್ಮ ಪ್ರಾಣವನ್ನೇ ತೆಗೆದುಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ಮತ್ತೆ ತೆರೆದದ್ದು 1946ರ ಕಾನೂನಿನಿಂದ. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವರಲ್ಲಿ ಒಬ್ಬರಾದ ದಲೀಪ್ ಸಿಂಗ್ ಸೌಂದ್ ತಾವೇ 1949ರಲ್ಲಿ ಪೌರರಾಗಿ, 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದರು. ಒಬ್ಬರು ಪ್ರಾಣ ಕೊಟ್ಟ, ಒಬ್ಬರು ಆಯುಷ್ಯ ಕೊಟ್ಟ ಆ ಹಕ್ಕನ್ನು ನಾವು ಒಂದು ಬೆಳಗ್ಗೆ, ಒಳ್ಳೆಯ ಬಟ್ಟೆ ತೊಟ್ಟು, ಮಕ್ಕಳಿಗೆ ಫೋಟೋ ತೆಗೆಯಲು ಹೇಳಿ, ಬಲಗೈ ಎತ್ತಿ ಪಡೆದು ಬಂದೆವು. ಆ ದಿನ ಎತ್ತಿದ ಕೈಯನ್ನು ಆಮೇಲೆ ಎಷ್ಟು ಸಲ ಎತ್ತಿದ್ದೀರಿ?

ನಮಗೆ ಸಭೆ ಹೊಸದಲ್ಲ. ಬಸವ ಜಯಂತಿಯ ದಿನ ಕನ್ನಡ ಸಂಘದ ವೇದಿಕೆಯಲ್ಲಿ ನಿಂತು, ಅಗಸರು, ಅಂಬಿಗರು, ಮಾದರು, ಹೆಂಗಸರು ಸರಿಸಮನಾಗಿ ಕೂತು ಮಾತಾಡಿದ ಅನುಭವ ಮಂಟಪ ನಮ್ಮದು ಎಂದು ಇಲ್ಲಿನ ಗೆಳೆಯರಿಗೆ ಹೇಳುತ್ತೇವೆ, ಹೇಳುವಾಗ ನಮ್ಮ ಕೊರಳು ತುಂಬುತ್ತದೆ. ಆ ಕೊರಳು ತುಂಬಿದ್ದು ಸುಳ್ಳಲ್ಲ ಎಂದು ನನಗೆ ಗೊತ್ತು. ಹಾಗಾದರೆ ನೆಲ ಒರೆಸುವವಳು ಬಾಗಿಲ ಹೊರಗೆ ನಿಂತಿರುವ ಈ ಮಂಟಪವನ್ನು ನೋಡಿ ನಾವು ಸುಮ್ಮನಿರುವುದು ಹೇಗೆ?

ನೀವು ಕೈಲಾಗದವರಂತೂ ಅಲ್ಲ. ಯುಗಾದಿಗೆ ಐನೂರು ಜನಕ್ಕೆ ಬಿಸಿಬೇಳೆಬಾತು, ಕೋಸಂಬರಿ, ಹೋಳಿಗೆ ಬಡಿಸುತ್ತೀರಿ, ಪಂಕ್ತಿ ತಪ್ಪದಂತೆ, ಯಾವ ಮುದುಕರಿಗೂ ನಿಂತುಕೊಂಡು ಉಣ್ಣುವ ಪಾಡು ಬಾರದಂತೆ. ಯಾರ ಮಗುವಿಗೆ ಯಾವ ಹಾಡು, ಯಾರ ಕಾರಿನಲ್ಲಿ ಯಾವ ಪಾತ್ರೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಹಂಚುತ್ತೀರಿ. ಸಂಘದ ಸರ್ವಸದಸ್ಯರ ಸಭೆಯಲ್ಲಿ ಕೂಗಾಟವಾದರೂ ಊಟದ ಹೊತ್ತಿಗೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುವ ಜಾಣತನ ನಿಮ್ಮದು. ಹೆಸರು ಬರೆಯುವ ಒಂದು ಹಾಳೆ, ನಾಲ್ಕು ಪೆನ್ನು, ಬಾಗಿಲಲ್ಲಿ ನಿಂತು ಬಂದವರಿಗೆ ಕೋಣೆ ತೋರಿಸುವ ಒಬ್ಬ ಹುಡುಗಿ, ಮಕ್ಕಳನ್ನು ಕರೆತಂದ ತಾಯಂದಿರಿಗಾಗಿ ಪಕ್ಕದಲ್ಲೊಂದು ಆಟದ ಕೋಣೆ, ಒಂದು ಫ್ಲಾಸ್ಕು ಚಹಾ: ಆ ರಾತ್ರಿಗೆ ಬೇಕಿದ್ದುದು ಇಷ್ಟೇ. ನೀವು ಕಣ್ಣುಮುಚ್ಚಿ ಮಾಡುವ ಕೆಲಸ.

ನಮಗಿಂತ ತಡವಾಗಿ, ನಮಗಿಂತ ಬರಿಗೈಯಲ್ಲಿ ಬಂದವರು ಇದನ್ನು ಮಾಡಿ ತೋರಿಸಿದ್ದಾರೆ. ಯುದ್ಧದಿಂದ ತಪ್ಪಿಸಿಕೊಂಡು ಬಂದ ಸೋಮಾಲಿಯಾದ ಕುಟುಂಬಗಳು ಮಿನಿಯಾಪೊಲಿಸ್ಸಿನ ಸೀಡರ್ ರಿವರ್‌ಸೈಡ್ ಎಂಬಲ್ಲಿ ನೆಲೆಸಿವೆ. 2013ರಲ್ಲಿ ಅಲ್ಲಿಯವರು ಕಾಕಸ್ಸುಗಳನ್ನು ತುಂಬಿದರು, ಅಜ್ಜಿಯರನ್ನು ಕೈಹಿಡಿದು ಕರೆತಂದರು. ಆ ವರ್ಷ ಅಬ್ದಿ ವಾರ್ಸಾಮೆ ನಗರಸಭೆಗೆ ಆಯ್ಕೆಯಾದರು, ಸೋಮಾಲಿ ಮೂಲದವರೊಬ್ಬರು ಆ ಸಭೆಯಲ್ಲಿ ಕೂತದ್ದು ಅದೇ ಮೊದಲು. ಅಲ್ಲಿಯೂ ಗದ್ದಲವಿತ್ತು, ಅಲ್ಲಿಯೂ ಗೋಜಲಿತ್ತು. ಗದ್ದಲ ಕೇಳಿ ಅವರು ಮನೆಗೆ ಹೋಗಲಿಲ್ಲ.

ಆದ್ದರಿಂದ ಬನ್ನಿ. ನಿಮಗೆ ಒಪ್ಪುವ ಪಕ್ಷದ ಕೋಣೆಗೇ ಹೋಗಿ, ಆದರೆ ಹೋಗಿ. ಮುಂದಿನ ಕಾಕಸ್ಸಿನ ತಾರೀಖನ್ನು ಸಂಕ್ರಾಂತಿಯ ಎಳ್ಳು ಹಂಚುವಾಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪಕ್ಕದ ಮನೆಯಲ್ಲಿ ರಾತ್ರಿಪಾಳಿಯ ನರ್ಸ್ ಇದ್ದರೆ ಹತ್ತು ದಿನ ಮೊದಲಿನ ಆ ಪತ್ರವನ್ನು ಬರೆದುಕೊಡಿ. ಬರಲಾಗದವರ ಮಾತನ್ನು ಕೇಳಿ ಬರೆದುಕೊಂಡು ಬನ್ನಿ. ಬಂದ ಮೇಲೆ, ಈ ಸಭೆ ಇರುವುದೇ ಬಿಡುವಿದ್ದವರಿಗಾಗಿ ಎಂಬಂತೆ ಯಾಕಿದೆ ಎಂದು ಎದ್ದು ನಿಂತು ಕೇಳಿ. ಅದನ್ನೂ ಠರಾವಾಗಿ ಬರೆಯಬಹುದು.

ಆ ರಾತ್ರಿ ನೆಲ ಒರೆಸುವ ಆ ಹೆಂಗಸನ್ನು ಕಾರಿನಲ್ಲಿ ಮನೆಗೆ ಬಿಟ್ಟೆ. ಇಳಿಯುವಾಗ, "ಮುಂದಿನ ಸಲ ಭಾನುವಾರ ಇಟ್ಟರೆ ನಾನೂ ಬಂದು ಕೂರುತ್ತೇನೆ" ಎಂದಳು. ಶಾಲೆಯ ಅಂಗಳಕ್ಕೆ ಮರಳಿ ಬಂದಾಗ ಮೇಡಂ ಇನ್ನೂ ಅಲ್ಲೇ ಇದ್ದರು, ಖಾಲಿಯಾದ ಮೊದಲ ಡಬ್ಬವನ್ನು ಡಿಕ್ಕಿಯಲ್ಲಿದ್ದ ತುಂಬಿದ ಡಬ್ಬದ ಪಕ್ಕದಲ್ಲಿ ಇಡುತ್ತಿದ್ದರು. ತುಂಬಿದ್ದು ನಿಜಕ್ಕೂ ಭಾರ, ಒಬ್ಬರಿಂದ ಆಗುವಂಥದಲ್ಲ. ಮುಂದಿನ ಸಲ ಒಂದು ಬದಿಯನ್ನು ನಾನು ಹಿಡಿಯುತ್ತೇನೆ ಎಂದು ಆಕೆಗೆ ಮಾತು ಕೊಟ್ಟಿದ್ದೇನೆ. ಇನ್ನೊಂದು ಬದಿಗೆ ನೀವು ಬನ್ನಿ.